ಅಡುಗೆಯವನಿಗೊಂದು ಎಲೆ

ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಇದೆ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ನಿಮ್ಮ ಮನಸ್ಸು ಎಲ್ಲಿದೆ ಅಂತ ನನಗೆ ಗೊತ್ತು. ನನ್ನದೂ ಅಲ್ಲೇ ಇದೆ. ಆದ್ದರಿಂದ ಇವತ್ತಿನ ದೃಷ್ಟಾಂತವನ್ನೂ ಅಡುಗೆಮನೆಯಿಂದಲೇ ತೆಗೆದುಕೊಳ್ಳೋಣ.

ನಿನ್ನೆ ಕಾಯಕದ ವಿಚಾರ ಹೇಳಿದೆ. ಮೈಮುರಿದು ದುಡಿಯಿರಿ ಅಂದೆ. ಎಲ್ಲರೂ ತಲೆಯಾಡಿಸಿದಿರಿ. ಪ್ರಸಾದ ಮುಗಿದ ಮೇಲೆ ನಮ್ಮ ರಾಜಮ್ಮಣ್ಣಿ ಬಂದರು, ಮನೆಯಲ್ಲೇ ರವಿಕೆ ಹೊಲಿಯುವ ರಾಜಮ್ಮಣ್ಣಿ. 'ಬುದ್ಧಿ, ನಾನು ದುಡೀತಾನೇ ಇದೀನಿ. ಮಿಷನ್ ತುಳಿದು ತುಳಿದು ಮಂಡಿ ಸವೆದೋಯ್ತು. ಕೈಲಿ ಮಾತ್ರ ಏನೂ ನಿಲ್ತಿಲ್ಲ. ನಾನೇನು ತಪ್ಪು ಮಾಡ್ತಿದೀನಿ?' ಅಂತ ಕೇಳಿದರು. ನನಗೆ ಬೇಜಾರಾಯಿತು. ಏಕೆಂದರೆ ಅದಕ್ಕೆ ಉತ್ತರ ನಿನ್ನೆಯ ಪ್ರವಚನದಲ್ಲಿ ಇರಲಿಲ್ಲ. ಇವತ್ತು ಹೇಳುತ್ತೇನೆ, ಕೇಳಿ.

ಕಥೆ ಅಂದಮೇಲೆ ಅದರಲ್ಲಿ ಒಬ್ಬ ಶ್ರೀಮಂತ ಇರಲೇಬೇಕು ಅಂತ ನಿಮಗೆಲ್ಲ ಆಸೆ. ಅವನು ಕೆಟ್ಟವನಾಗಿದ್ದರೆ ಇನ್ನೂ ಸಂತೋಷ. ಆಗಲಿ. ಯಾವುದೋ ಒಂದು ಊರು, ಅಲ್ಲಿ ಒಬ್ಬ ಧಣಿ. ಅವನ ಕೈಕೆಳಗೆ ಬೇಕಾದಷ್ಟು ಜನ. ಎಲ್ಲರಿಗೂ ಹೇಳಿದ ದಿನ ಹೇಳಿದಷ್ಟು ಕೂಲಿ ಕೊಡುತ್ತಿದ್ದ. ಒಬ್ಬ ಆಳನ್ನು ಬಿಟ್ಟು. ಆ ಒಬ್ಬ ಆಳು ಎಲ್ಲರಿಗಿಂತ ಮುಂಚೆ ಬರಬೇಕು, ಎಲ್ಲರೂ ಹೋದಮೇಲೆ ಹೋಗಬೇಕು. ಸಂಬಳ ಎಷ್ಟು? ಗೊತ್ತಿಲ್ಲ. ಯಾವಾಗ? ಉಳಿದಾಗ. ಉಳಿಯದಿದ್ದರೆ? ಮುಂದಿನ ಸಲ ನೋಡೋಣ. ಜ್ವರ ಬಂದರೆ ರಜೆ ಇಲ್ಲ, ಚಪ್ಪಲಿ ಹರಿದರೆ ಹೊಸದಿಲ್ಲ. ಆ ಆಳು ಒಂದು ದಿನ ಕಣ್ಣು ಮಂಜಾಗುತ್ತಿದೆ, ಕನ್ನಡಕ ಬೇಕು ಅಂದ. ಧಣಿ ಏನಂದ ಗೊತ್ತೆ? 'ಈಗ ಆಗಲ್ಲ' ಅಂದ.

ನೋಡಿ, ಮುಖ ಹೇಗೆ ಗಂಟಾಯಿತು ನಿಮಗೆಲ್ಲ. ಮಹದೇವಮ್ಮನವರು ಅಂಥವನ ಮನೆ ಉದ್ಧಾರ ಆಗುತ್ತಾ ಅಂತ ಕೇಳುತ್ತಿದ್ದಾರೆ. ತಾಯಿ, ಆ ಶಾಪವನ್ನು ಸ್ವಲ್ಪ ಹೊತ್ತು ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಈಗ ಹೇಳಿಬಿಡುತ್ತೇನೆ. ಆ ಧಣಿಯೂ ಆಳೂ ಬೇರೆ ಬೇರೆ ಅಲ್ಲ. ಧಣಿಯೂ ಅವನೇ, ಆಳೂ ಅವನೇ. ಅವನು ಮದುವೆ ಮನೆಗಳಲ್ಲಿ ಅಡುಗೆ ಒಪ್ಪಿಕೊಂಡು ಮಾಡಿಸುವವನು. ಮಾಡಿಸುವವನೂ ಹೌದು, ಸೌಟು ಹಿಡಿದು ಮಾಡುವವನೂ ಹೌದು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಜನ, ಸದ್ಯ ನಾನಲ್ಲ ಅಂತ ನಿರಾಳವಾಗಿ ಕಾಲು ಚಾಚಿ ಕೂರುತ್ತೀರಿ.

ಅವನ ಕೈರುಚಿ ದೊಡ್ಡದು. ತರಕಾರಿ ಹೆಚ್ಚುವ ಹೆಂಗಸರಿಗೆ, ಬಡಿಸುವ ಹುಡುಗರಿಗೆ, ಪಾತ್ರೆ ತೊಳೆಯುವವರಿಗೆ, ವ್ಯಾನಿನವನಿಗೆ, ಯಾರಿಗೂ ಬಾಕಿ ಇಟ್ಟವನಲ್ಲ. ಸಾಧು ಪ್ರಾಣಿ ಅಂತ ಊರೆಲ್ಲ ಹೊಗಳುತ್ತಿತ್ತು. ಊಟಕ್ಕೆ ಕೂರುವುದು ಮಾತ್ರ ಯಾವಾಗಲೂ ಕೊನೆಯ ಪಂಕ್ತಿ. ಆ ಹೊತ್ತಿಗೆ ಹೋಳಿಗೆ ಮುಗಿದಿರುತ್ತಿತ್ತು, ಪಲ್ಯ ಮುಗಿದಿರುತ್ತಿತ್ತು, ಸಾರಿನ ತಳದಲ್ಲಿ ನಾಲ್ಕು ಕರಿಬೇವಿನ ಎಲೆ ಇರುತ್ತಿದ್ದವು. ಮಜ್ಜಿಗೆ ಅನ್ನ ಕಲಸಿಕೊಂಡು ಎದ್ದು ಬರುತ್ತಿದ್ದ. ಕೇಳಿದರೆ 'ಅಡುಗೆಯವನು ಕೊನೆಗೇ ಉಣ್ಣಬೇಕು' ಅನ್ನುತ್ತಿದ್ದ. ಅನ್ನುವಾಗ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ತ್ಯಾಗ ಮಾಡುವವರಿಗೆಲ್ಲ ಬರುತ್ತದಲ್ಲ, ಅದೇ ಕಳೆ. ನಿಮ್ಮ ಮನೆ ಕನ್ನಡಿಯಲ್ಲೂ ನೋಡಿರುತ್ತೀರಿ.

ದುಡ್ಡಿನ ವಿಷಯದಲ್ಲೂ ಅದೇ ಪದ್ಧತಿ. ಎಲ್ಲರಿಗೂ ಕೊಟ್ಟು, ಉಳಿದರೆ ತನಗೆ. ಉಳಿಯುತ್ತಿತ್ತೇ? ಮಾಘ, ಫಾಲ್ಗುಣ, ವೈಶಾಖದಲ್ಲಿ ಉಳಿಯುತ್ತಿತ್ತು, ಮದುವೆಗಳ ಕಾಲ. ಆಗ ನೋಡಬೇಕಿತ್ತು ನಮ್ಮ ಸಾಧುವನ್ನು. ಜೇಬಲ್ಲಿ ಇರುವುದೆಲ್ಲ ನನ್ನದೇ ತಾನೇ ಅಂತ ಒಂದು ವೈಶಾಖದಲ್ಲಿ ಎರಡು ಬಾಗಿಲಿನ ಫ್ರಿಜ್ಜು ತಂದ. ಯಾವುದೋ ಮದುವೆ ಮನೆಯಲ್ಲಿ ನೋಡಿದ್ದನಂತೆ. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ಆಷಾಢ ಬಂತು. ಆಷಾಢದಲ್ಲಿ ಯಾರ ಮದುವೆ? ಒಲೆಗಳೆಲ್ಲ ತಣ್ಣಗಾದವು. ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗಡೆ ದೀಪ ಚೆನ್ನಾಗಿ ಉರಿಯುತ್ತಿತ್ತು. ಬೇರೇನೂ ಇರುತ್ತಿರಲಿಲ್ಲ. ವೈಶಾಖದಲ್ಲಿ ರಾಜ, ಆಷಾಢದಲ್ಲಿ ಭಿಕಾರಿ. ಪ್ರತಿ ವರ್ಷವೂ ಹೀಗೆಯೇ.

ಇನ್ನು ಕಣ್ಣಿನ ಕಥೆಗೆ ಬರುತ್ತೇನೆ. ಅವರೂರಿನ ಗುಡಿಯಲ್ಲಿ ಒಮ್ಮೆ ಕಣ್ಣಿನ ತಪಾಸಣೆ ನಡೆಯಿತು. ಡಾಕ್ಟರು ನೋಡಿ, ಕನ್ನಡಕ ಹಾಕಲೇಬೇಕು ಅಂತ ನಂಬರು ಬರೆದು ಚೀಟಿ ಕೊಟ್ಟರು. ಇವನು ಭಕ್ತಿಯಿಂದ ತಂದು ದೇವರ ಮನೆಯಲ್ಲಿಟ್ಟ. ಅದು ಅಲ್ಲೇ ಇತ್ತು. ಒಂದು ದಿನ ಹೆಂಡತಿ ಕೇಳಿದಳು.

"ರೀ, ಆ ಚೀಟಿ ಮೇಲೆ ಊದಿನಕಡ್ಡಿ ಬೂದಿ ಬಿದ್ದು ನಂಬರೇ ಕಾಣ್ತಿಲ್ಲ. ಕನ್ನಡಕ ಯಾವಾಗ ತರ್ತೀರ?"

"ಈ ಮದುವೆ ಒಂದು ಮುಗೀಲಿ ಕಣೆ."

"ಹೋದ ಮದುವೇಲೂ ಇದೇ ಹೇಳಿದ್ರಿ."

"ಕೊಪ್ಪರಿಗೆ ತಳ ಸವೆದಿತ್ತಲ್ಲ, ಹೊಸದು ತರಬೇಕಿತ್ತು. ಕಸುಬಿಗೆ ಬೇಕಾದ್ದು ಮೊದಲು."

"ಕೊಪ್ಪರಿಗೆ ತಳ ಸವೆದಿದ್ದು ಕಾಣಿಸ್ತು, ನಿಮ್ಮ ಕಣ್ಣು ಸವೆದಿದ್ದು ಕಾಣಿಸ್ಲಿಲ್ವಾ?"

"ನಂದೇನಿದೆ ಬಿಡು."

ಈ ಮಾತನ್ನು ಗಮನಿಸಿ. ನಂದೇನಿದೆ ಬಿಡು. ಇವತ್ತಿನ ಕಥೆಯೆಲ್ಲ ಇದೊಂದು ಮಾತಿನ ಮೇಲೆ ನಿಂತಿದೆ.

ಅದೇ ವಾರ ಊರಿನ ರೈಸ್‌ಮಿಲ್ ಯಜಮಾನರು ಕರೆಸಿದರು. ಅವರ ಮಗಳ ಮದುವೆ, ದೊಡ್ಡ ಮದುವೆ. ಇವನು ಖರ್ಚು ಹೇಳಿದ. ಯಜಮಾನರು ಜಿಪುಣರು ಅನ್ನಬಾರದು, ಲೆಕ್ಕಾಚಾರದವರು. ಒಂದೊಂದಾಗಿ ಹಿಡಿದು ಕೇಳಿದರು.

"ತರಕಾರಿ ಹೆಚ್ಚೋರಿಗೆ ಇಷ್ಟೊಂದಾ?"

"ಬಡವ್ರು ಯಜಮಾನ್ರೇ, ಅದರಲ್ಲಿ ಕಮ್ಮಿ ಆಗಲ್ಲ."

"ಬಡಿಸೋ ಹುಡುಗ್ರಿಗೆ?"

"ಕಮ್ಮಿ ಅಂದ್ರೆ ಬೇರೆ ಕಡೆ ಹೊರಟೋಗ್ತಾರೆ."

"ಗ್ಯಾಸಿಗೆ?"

"ಅದು ನನ್ನ ಕೈಲಿದ್ಯಾ?"

"ಮತ್ತೆ ನಮ್ಮೋನಾಗಿ ಎಲ್ಲಪ್ಪ ಕಮ್ಮಿ ಮಾಡ್ತೀಯ? ನಿಂದೆಷ್ಟು ಇದರಲ್ಲಿ?"

"ನಂದೇನಿದೆ ಬಿಡಿ ಯಜಮಾನ್ರೇ."

ಯಜಮಾನರಿಗೆ ಬಹಳ ಸಂತೋಷವಾಯಿತು. ಅವನದ್ದನ್ನು ಬಿಟ್ಟರು. ಎಲ್ಲರ ಪರವಾಗಿಯೂ ವಾದ ಮಾಡಿದವನು ಇವನೇ ನೋಡಿ. ಇವನ ಪರವಾಗಿ ವಾದ ಮಾಡಲು ಒಬ್ಬರಿರಲಿಲ್ಲ. ಮಾಡಬೇಕಾದವನೇ ಕೈಮುಗಿದು ಕೂತಿದ್ದ.

ಮದುವೆಯ ದಿನ ಬಂತು. ಅಡುಗೆಮನೆ ತುಂಬ ಹೊಗೆ, ಆವಿ. ಇವನು ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಸಾರು ಒಂದು ಕಡೆ ಕುದಿಯುತ್ತಿದೆ, ಶಾವಿಗೆ ಪಾಯಸ ಒಂದು ಕಡೆ. ಪಕ್ಕದಲ್ಲಿ ಎರಡು ಡಬರಿ, ಒಂದರಲ್ಲಿ ಪುಡಿ ಉಪ್ಪು, ಒಂದರಲ್ಲಿ ಸಕ್ಕರೆ. ಕಣ್ಣಿದ್ದವನಿಗೆ ಅವು ಎರಡು. ಕಣ್ಣು ಮಂಜಾದವನಿಗೆ ಎರಡೂ ಬೆಳ್ಳಗೆ. ದೇವರಿಗೆ ಎಡೆ ಆಗುವ ತನಕ ಅಡುಗೆಯವನು ರುಚಿ ನೋಡುವಂತಿಲ್ಲ. ಇವನು ಕೈಯಳತೆಯಲ್ಲಿ ಬೊಗಸೆ ಬೊಗಸೆ ತುಂಬಿ ಹಾಕಿದ.

ಆಮೇಲೆ ನಿಮಗೇ ಗೊತ್ತಲ್ಲ. ಸಾರಿಗೆ ಸಕ್ಕರೆ ಬಿದ್ದದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ. ಇವನು ಉಡುಪಿ ಕಡೆ ಕಲಿತವನಿರಬೇಕು ಅಂದುಕೊಂಡು ಸುರಿದುಕೊಂಡರು. ಉಪ್ಪು ಬಿದ್ದದ್ದು ಪಾಯಸಕ್ಕೆ, ದೇವರ ಎಡೆಗೂ ಅದೇ ಪಾಯಸ ಹೋಗಿತ್ತು. ದೇವರು ದೊಡ್ಡವನು, ಏನೂ ಅನ್ನಲಿಲ್ಲ. ಆದರೆ ಬೀಗರು ದೇವರಲ್ಲವಲ್ಲ. ನಮ್ಮ ಕಡೆ ಎಲೆಗೆ ಮೊದಲು ಬೀಳುವುದೇ ಪಾಯಸ. ಗಂಡಿನ ದೊಡ್ಡಪ್ಪ ಒಂದು ತುತ್ತು ಬಾಯಿಗಿಟ್ಟರು. ನುಂಗುವಂತಿಲ್ಲ, ಉಗುಳುವಂತಿಲ್ಲ, ಕಣ್ಣಲ್ಲಿ ನೀರು. ಹೆಣ್ಣು ಕೊಡುವ ಸಂಕಟ ಇವರಿಗ್ಯಾಕಪ್ಪ ಅಂತ ಪಕ್ಕದವರು ಸಮಾಧಾನ ಮಾಡಲು ಹೋದರು. ಅಷ್ಟರಲ್ಲಿ ಪಂಕ್ತಿಯಿಡೀ ಕೆಮ್ಮಲು ಶುರುಮಾಡಿತು.

ರೈಸ್‌ಮಿಲ್ ಯಜಮಾನರು ಅಡುಗೆಮನೆಗೆ ನುಗ್ಗಿ ಬೈದದ್ದನ್ನು ಗುಡಿಯಲ್ಲಿ ಕೂತು ಹೇಳುವಂತಿಲ್ಲ. ಇವನು ತಲೆ ತಗ್ಗಿಸಿ ನಿಂತಿದ್ದ. ಇಷ್ಟು ವರ್ಷದ ಹೆಸರು ಒಂದು ಬೊಗಸೆ ಉಪ್ಪಿನಲ್ಲಿ ಹೋಯಿತು. ವಾರದೊಳಗೆ ಒಪ್ಪಿಕೊಂಡಿದ್ದ ಮದುವೆಗಳೆಲ್ಲ ಕೈತಪ್ಪಿದವು. ಒಂದು ಮಾತ್ರ ಉಳಿಯಿತು, ಆ ಮುಹೂರ್ತಕ್ಕೆ ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ. ಅದೂ ಕೆಟ್ಟರೆ ಆ ಊರಲ್ಲಿ ಇನ್ನು ಇವನ ಕೈಗೆ ಯಾರೂ ಸೌಟು ಕೊಡುವುದಿಲ್ಲ.

ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಿದ. ಹೆಂಡತಿ ಮುಸುಕು ತೆಗೆದಳು.

"ಏಳಿ. ಆ ಮದುವೆಗೆ ಬೇರೆ ಅಡುಗೆಯವರನ್ನ ಗೊತ್ತು ಮಾಡ್ಕೊಂಡು ಬನ್ನಿ. ಕಣ್ಣು ಸರಿಹೋಗೋ ತನಕ ನೀವು ಒಲೆ ಹತ್ರ ಹೋಗೋ ಹಾಗಿಲ್ಲ."

ಅವಳ ಮಾತು ಅವನಿಗೆ ನುಂಗಲಾರದ ತುತ್ತು. ಆದರೂ ಬೇರೆ ದಾರಿ ಇರಲಿಲ್ಲ. ಪಕ್ಕದ ಊರಿಗೆ ಹೋಗಿ ಒಬ್ಬ ಅಡುಗೆಯವನನ್ನು ಕರೆತಂದ. ಬಂದವನ ಮೂಗಿನ ಮೇಲೆ ದಪ್ಪ ಕನ್ನಡಕ, ಕಾಲಲ್ಲಿ ಒಳ್ಳೆ ಚಪ್ಪಲಿ. ಜಗುಲಿ ಮೇಲೆ ಕೂತು, ನೀರು ಕುಡಿದು, ತನ್ನ ಸಂಬಳ ಇಷ್ಟು ಅಂದ. ಬಸ್ಸಿನ ಖರ್ಚು ಬೇರೆ ಅಂದ. ಮುಂಗಡ ಈಗಲೇ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ.

"ದೇವರ ಎಡೆ ಆದ ತಕ್ಷಣ ನಂಗೊಂದು ಎಲೆ ಎತ್ತಿಡಬೇಕು. ಮೊದಲ ಪಂಕ್ತಿ ಕೂರೋಕ್ ಮುಂಚೆ ನಾನು ಉಣ್ತೀನಿ."

ನಮ್ಮವನಿಗೆ ಮೈಯೆಲ್ಲ ಉರಿಯಿತು. "ಏನಯ್ಯ, ಅಡುಗೆಯೋನು ಮೊದಲು ಉಣ್ಣೋದಾ? ಎಲ್ಲಾದ್ರೂ ಉಂಟಾ?"

"ಹಸ್ಕೊಂಡು ಒಲೆ ಮುಂದೆ ನಿಂತ್ರೆ ಕೈ ನಡುಗುತ್ತೆ ಸ್ವಾಮಿ. ಕೈ ನಡುಗಿ ಅಡುಗೆ ಕೆಟ್ರೆ ಹೋಗೋದು ನಿಮ್ಮ ಹೆಸ್ರು."

ಹೆಸರು ಹೋಗುವುದು ಹೇಗೆ ಅಂತ ನಮ್ಮವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಹೋಗಿ ಹೆಂಡತಿಯ ಹತ್ತಿರ ಗೊಣಗಿದ.

"ಇವ್ನಿಗೆ ಇಷ್ಟು ಕೊಟ್ರೆ ನಮಗೇ ಕೈಯಿಂದ ಹೋಗುತ್ತೆ ಕಣೆ. ಮದುವೆ ಮನೆಯೋರ ಹತ್ರ ಒಪ್ಕೊಂಡಿರೋದ್ರಲ್ಲಿ ಇದು ಎಲ್ಲೂ ಸೇರಿಲ್ಲ."

"ಎಲ್ಲರದ್ದೂ ಸೇರಿಸಿ ತಾನೇ ಹೇಳಿದ್ರಿ?"

"ಎಲ್ಲರದ್ದೂ ಸೇರಿಸಿದೀನಿ. ತರಕಾರಿಯೋರು, ಬಡಿಸೋರು, ವ್ಯಾನು, ಪಾತ್ರೆ, ಗ್ಯಾಸು..."

"ಅಡುಗೆಯೋರು?"

ಅವನು ಬೆರಳು ಮಡಿಸಿ ಮೊದಲಿನಿಂದ ಮತ್ತೊಮ್ಮೆ ಎಣಿಸಿದ.

ಅರ್ಥವಾಯಿತೆ? ಇಷ್ಟು ವರ್ಷ ಅವನು ಒಪ್ಪಿಕೊಂಡ ಮದುವೆಗಳಲ್ಲಿ ಎಲ್ಲರೂ ಇದ್ದರು, ಅಡುಗೆಯವನೇ ಇರಲಿಲ್ಲ. ಅಡುಗೆಯವನಿಲ್ಲದ ಅಡುಗೆ ಕಂಟ್ರಾಕ್ಟು. ಹೊರಗಿನವನು ಬಂದು ನನಗಿಷ್ಟು ಅಂದಾಗಲೇ ಅವನಿಗೆ ತಾನು ಮಾಡುತ್ತಿದ್ದ ಕೆಲಸಕ್ಕೂ ಒಂದು ಬೆಲೆಯಿದೆ ಅಂತ ತಿಳಿದದ್ದು. ಆ ಬೆಲೆ ಕೇಳಿ ಅವನಿಗೆ ಹೊಟ್ಟೆ ಉರಿಯಿತು. ಪರರ ಸಂಬಳಕ್ಕಲ್ಲ ಸ್ವಾಮಿ, ತನ್ನದೇ ಸಂಬಳಕ್ಕೆ ಹೊಟ್ಟೆ ಉರಿದುಕೊಂಡ ಮನುಷ್ಯ.

ಆ ಸಂಬಳವನ್ನು ಎಲ್ಲಿಂದ ಕೊಟ್ಟ? ಎರಡು ಬಾಗಿಲಿನ ಫ್ರಿಜ್ಜನ್ನು ಮಾರಿ ಕೊಟ್ಟ. ಅದರಲ್ಲೇ ಸ್ವಲ್ಪ ಉಳಿದದ್ದಕ್ಕೆ ಕನ್ನಡಕವೂ ಬಂತು. ಮದುವೆ ಚೆನ್ನಾಗಿ ನಡೆಯಿತು, ಪಾಯಸ ಸಿಹಿಯಾಗಿತ್ತು. ಹೊಸ ಅಡುಗೆಯವನು ದೇವರ ಎಡೆಯಾದ ಮೇಲೆ ಮೂಲೆಯಲ್ಲಿ ಎಲೆ ಹಾಕಿಕೊಂಡು ನೆಮ್ಮದಿಯಾಗಿ ಉಂಡ. ನಮ್ಮವನು ಹೊಸ ಕನ್ನಡಕದೊಳಗಿಂದ ಅದನ್ನು ನೋಡುತ್ತ ನಿಂತಿದ್ದ.

ಕೈಹಿಡಿದ ಆ ಒಂದು ಮದುವೆಯಿಂದ ಅವನಿಗೆ ಮತ್ತೆ ಕೆಲಸ ಬರಲು ಶುರುವಾಯಿತು. ಮುಂದಿನ ಸಲ ಒಬ್ಬರು ಖರ್ಚು ಕೇಳಿದಾಗ ಇವನು ಎಲ್ಲ ಹೇಳಿ ಕೊನೆಗೆ, "ಅಡುಗೆಯೋನ ಸಂಬಳ ಇಷ್ಟು" ಅಂದ.

"ಅಡುಗೆಯೋನು ನೀನೇ ಅಲ್ವೇನಯ್ಯ?"

"ಹೌದು ಬುದ್ಧಿ. ಅವ್ನಿಗೂ ಸಂಬಳ ಕೊಡಬೇಕು."

"ನಿಂದು ತಾನೇ, ಕಮ್ಮಿ ಮಾಡ್ಕೊ."

"ನಂದಾಗಿದ್ರೆ ಮಾಡ್ತಿದ್ದೆ. ಅದು ಅವ್ನ ಸಂಬಳ. ಅವ್ನ ಹೊಟ್ಟೆ ಮೇಲೆ ನಾನು ಹೊಡೆಯಕ್ಕಾಗಲ್ಲ."

ಕೇಳಿದವರಿಗೆ ಇವನಿಗೆ ಕಣ್ಣು ಸರಿಹೋಗಿ ತಲೆ ಕೆಟ್ಟಿದೆ ಅನ್ನಿಸಿತು. ಕೆಲವರು ಎದ್ದು ಹೋದರು. ಹೋಗಲಿ. ಉಳಿದವರು ಕೊಟ್ಟರು. ಹೆಂಡತಿ ಮನೆಯಲ್ಲಿ ಎರಡು ಡಬ್ಬ ಇಟ್ಟಳು, ಒಂದು ಧಣಿಯದು, ಒಂದು ಆಳಿನದು. ಮದುವೆ ದುಡ್ಡೆಲ್ಲ ಧಣಿಯ ಡಬ್ಬಕ್ಕೆ. ತಿಂಗಳ ಮೊದಲ ಸೋಮವಾರ ಅದರಿಂದ ಆಳಿಗೆ ಗೊತ್ತು ಮಾಡಿದಷ್ಟು ಸಂಬಳ. ಕಡಿಮೆಯಿಲ್ಲ, ಹೆಚ್ಚೂ ಇಲ್ಲ. ಬಂತಲ್ಲ ಮತ್ತೆ ವೈಶಾಖ, ಧಣಿಯ ಡಬ್ಬ ತುಂಬಿತು. ಇವನು ಪೇಟೆಯಲ್ಲಿ ಏನೋ ನೋಡಿಕೊಂಡು ಬಂದು ಡಬ್ಬಕ್ಕೆ ಕೈ ಹಾಕಲು ಹೋದ. ಅವಳು ಕೈ ಹಿಡಿದಳು.

"ಆಳಿಗೆ ಸಂಬಳ ಕೊಟ್ಟಾಯ್ತು. ಇದು ಅವ್ನ ಆಷಾಢದ ಸಂಬಳ. ಧಣಿಯಾದ್ರೂ ಮುಟ್ಟೋ ಹಾಗಿಲ್ಲ."

ಆಷಾಢ ಬಂತು. ಮದುವೆ ಇಲ್ಲ, ಒಲೆ ಇಲ್ಲ. ಆದರೆ ಸೋಮವಾರ ಬಂತು, ಅವಳು ಸಂಬಳ ತೆಗೆದು ಕೈಗಿಟ್ಟಳು. ಅವನಿಗೆ ಅಳು ಬಂತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ಕೆಲಸಗಾರ ಅಂತ ಗೌರವಿಸಿದ್ದರು. ಹಾಗೆ ಗೌರವಿಸಿದವನು ಅವನೇ.

ಕಥೆ ಮುಗಿಯಿತು. ಮಹದೇವಮ್ಮನವರೇ, ಈಗ ಸೆರಗಿನ ಗಂಟು ಬಿಚ್ಚಿ. ಆ ಶಾಪ ಯಾರಿಗೆ ಹಾಕುತ್ತೀರಿ? ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಮಾರುತ್ತೀರಲ್ಲ, ಉದ್ದಿನಬೇಳೆ ಲೆಕ್ಕ ಹಾಕುತ್ತೀರಿ, ಎಣ್ಣೆ ಲೆಕ್ಕ ಹಾಕುತ್ತೀರಿ, ಬಿಸಿಲಲ್ಲಿ ಬಗ್ಗಿ ಒಣಹಾಕಿದ ನಿಮ್ಮ ಸೊಂಟ ಯಾವ ಲೆಕ್ಕದಲ್ಲಿದೆ? ರಾಜಮ್ಮಣ್ಣಿ, ನೂಲು, ಹುಕ್ಕು, ಲೈನಿಂಗು ಎಲ್ಲಕ್ಕೂ ದುಡ್ಡು ಹಿಡಿಯುತ್ತೀರಿ. ಪಕ್ಕದ ಮನೆಯವರು ಬಂದು ನಮ್ಮೋಳೇ ಅಲ್ವಾ ಅಂದ ತಕ್ಷಣ ನಂದೇನಿದೆ ಬಿಡಿ ಅನ್ನುತ್ತೀರಿ. ನೀವು ನಿನ್ನೆ ಕೇಳಿದಿರಲ್ಲ, ತಪ್ಪು ಏನು ಅಂತ. ಇದೇ ತಪ್ಪು. ನಿಮ್ಮ ಹೊಲಿಗೆಯಲ್ಲಿ ಹೊಲಿಯುವವಳೇ ಇಲ್ಲ.

ಆ ಕಂಬಕ್ಕೆ ಒರಗಿ ಕೂತ ಹುಡುಗ ನಗುತ್ತಿದ್ದಾನೆ, ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡಿಕೊಡುವವನು. ಅದಕ್ಕೆ ಈಗ ಫ್ರೀಲ್ಯಾನ್ಸ್ ಅನ್ನುತ್ತಾರಂತೆ. ಹೆಸರಿನಲ್ಲೇ ಫ್ರೀ ಇದೆ, ಊರಿನವರು ಅಷ್ಟನ್ನೇ ಕೇಳಿಸಿಕೊಂಡಿದ್ದಾರೆ. ಅಪ್ಪ, ನೀನು 'ನನಗೆ ನಾನೇ ಯಜಮಾನ' ಅಂತ ಹೇಳಿಕೊಂಡು ತಿರುಗುತ್ತೀಯಲ್ಲ. ಆ ಯಜಮಾನನ ಹತ್ತಿರ ಬೇರೆ ಯಾರಾದರೂ ಕೆಲಸಕ್ಕೆ ಸೇರುತ್ತಾರಾ? ಸಂಬಳವಿಲ್ಲ, ರಜೆಯಿಲ್ಲ, ಕೈ ತುಂಬಿದ ದಿನ ಆಳಿನದನ್ನೂ ತಾನೇ ಬಾಚಿಕೊಂಡು ಹೊಸ ಮೊಬೈಲು ತರುವ ಯಜಮಾನ. ಅಂಥವನ ಹತ್ತಿರ ನೀನೇ ಒಂದು ದಿನ ನಿಲ್ಲುತ್ತಿರಲಿಲ್ಲ.

ನಂದೇನಿದೆ ಅನ್ನುವ ಮಾತು ಕೆಟ್ಟದ್ದಲ್ಲ. ಒಳ್ಳೆಯ ಮಾತು. ಆದರೆ ಅದು ದೇವರ ಮುಂದೆ ಹೇಳುವ ಮಾತು, ಗಿರಾಕಿಯ ಮುಂದೆ ಹೇಳುವ ಮಾತಲ್ಲ. ಗಿರಾಕಿಯ ಮುಂದೆ ಹೇಳಿದರೆ ಅದು ವೈರಾಗ್ಯವಾಗುವುದಿಲ್ಲ, ಅನ್ಯಾಯವಾಗುತ್ತದೆ. ಕೊಡಬೇಕು ಅನ್ನಿಸಿದರೆ ಸಂಬಳ ತೆಗೆದುಕೊಂಡು ಆಮೇಲೆ ಕೈಯಾರೆ ಕೊಡಿ, ಅದು ದಾನ. ನಾಚಿಕೆಗೆ ಬಿಟ್ಟುಬಿಟ್ಟದ್ದನ್ನು ದಾನ ಅಂತ ದೇವರ ಮುಂದೆ ಬಂದು ಹೇಳಬೇಡಿ. ಮನೆಯಲ್ಲಿ ಎಷ್ಟೇ ಬಡತನವಿರಲಿ, ದೇವರ ಎಡೆಯನ್ನು ಮೊದಲು ಎತ್ತಿಡುತ್ತೀರಿ. ಉಳಿದರೆ ದೇವರಿಗೆ ಅನ್ನುವುದಿಲ್ಲ. ನಿಮ್ಮೊಳಗೆ ದುಡಿಯುತ್ತಿರುವವನನ್ನೂ ಆ ದೇವರೇ ಇಟ್ಟಿದ್ದಾನೆ, ಆ ದುಡಿಯುವವನ ಎಲೆಯನ್ನು ಮಾತ್ರ 'ಉಳಿದರೆ' ಅನ್ನುತ್ತೀರಿ.

ಹೀಗೆ ಮಾಡಿ. ನಾಳೆ ಬೆಳಿಗ್ಗೆ ಒಂದು ಕ್ಷಣ ಕೂತು ಯೋಚಿಸಿ: ನಿಮ್ಮ ಕೆಲಸಕ್ಕೆ ಬೇರೆ ಯಾರನ್ನಾದರೂ ಕರೆತಂದರೆ ಅವರು ಎಷ್ಟು ಕೇಳುತ್ತಾರೆ? ಅದೇ ನಿಮ್ಮ ಸಂಬಳ. ಯಾರಾದರೂ ಬೆಲೆ ಕೇಳಿದಾಗ ಅದನ್ನು ಮೊದಲೇ ಸೇರಿಸಿ ಹೇಳಿ, ತಲೆಯೆತ್ತಿ ಹೇಳಿ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡು ಆ ಸಂಬಳವನ್ನು ನಿಮಗೆ ನೀವೇ ಕೊಡಿ. ಕೈ ತುಂಬಿದ ತಿಂಗಳು ಅದಕ್ಕಿಂತ ಹೆಚ್ಚು ಮುಟ್ಟಬೇಡಿ, ಅದು ನಿಮ್ಮ ಆಷಾಢದ್ದು. ಆಷಾಢ ಎಲ್ಲರಿಗೂ ಬರುತ್ತದೆ, ಹೊಲಿಗೆಯವರಿಗೂ, ಟ್ಯೂಷನ್ ಮೇಷ್ಟ್ರಿಗೂ, ಪ್ರವಚನ ಹೇಳುವವರಿಗೂ.

ಪ್ರವಚನ ಹೇಳುವವರು ಅಂದ ತಕ್ಷಣ ನಮ್ಮ ಗುಡಿಯ ಕಾರ್ಯದರ್ಶಿ ಪುಟ್ಟಮಾದಪ್ಪನವರು ಮುಖ ಆಚೆ ತಿರುಗಿಸಿದರು. ಹೆದರಬೇಡಿ, ನನ್ನ ಸಂಭಾವನೆಯ ಮಾತು ಆಮೇಲೆ ಆಡೋಣ. ಈ ಸಲ ಮನಸ್ಸಿಗೆ ಬಂದಷ್ಟು ಕೊಡಿ ಅನ್ನುವುದಿಲ್ಲ, ನಿಮ್ಮ ಮನಸ್ಸಿಗೆ ಎಷ್ಟು ಬರುತ್ತದೆ ಅಂತ ಹೋದ ವರ್ಷ ನೋಡಿದ್ದೇನೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರಲ್ಲ, ಇವತ್ತಿನ ಪ್ರಸಾದ ಮಾಡಿದ ಶಿವನಂಜಯ್ಯನವರು. ಶಿವನಂಜಯ್ಯನವರೇ, ದೇವರ ಎಡೆ ಆಯಿತೆ? ಆಯಿತು. ನಿಮ್ಮ ಊಟ ಆಯಿತೆ?

ಏನಂದಿರಿ? ಸ್ವಲ್ಪ ಜೋರಾಗಿ ಹೇಳಿ, ಹಿಂದಿನವರಿಗೂ ಕೇಳಿಸಲಿ. 'ನಂದೇನಿದೆ ಬಿಡಿ ಬುದ್ಧಿ, ಕೊನೇಲಿ ಮಾಡ್ತೀನಿ' ಅಂತೀರಾ?

ಕೇಳಿದಿರಲ್ಲ. ಪುಟ್ಟಮಾದಪ್ಪನವರೇ, ಬಡಿಸಲು ಪಂಚೆ ಎತ್ತಿ ಕಟ್ಟಿ ಎದ್ದೇಳಿ. ರಾಜಮ್ಮಣ್ಣಿ, ಒಂದು ಎಲೆ ತನ್ನಿ. ಶಿವನಂಜಯ್ಯನವರು ಇಲ್ಲಿ ಬಂದು ಕೂರಲಿ, ಪಾಯಸ ಮೊದಲು ಅವರ ಎಲೆಗೆ ಬೀಳಲಿ. ಅವರು ಉಂಡು ಏಳುವ ತನಕ ನಾವೆಲ್ಲ ಕಾಯೋಣ.